ಎಂಟು ಬಿಟ್ಟಿನ ಮನೆಗಣಕಗಳ ರಚನೆಯಲ್ಲಿ ರಾಜಿಗಳು ಮತ್ತು ಕನ್ನಡ ಲಿಪಿ

೧

ಲಿಪಿಯು ತಾನು ನೆಲೆಸುವ ಸಾಧನದ ಕಟ್ಟುಪಾಡಿಗೆ ಒಳಗಾಗದೆ ಬಾಳಿದುದು ಎಲ್ಲಿಯೂ ಇಲ್ಲ. ತಾಳೆಯ ಓಲೆಯ ಮೇಲೆ ಕಂಟದಿಂದ ನೇರವಾದ ಗೆರೆಯನ್ನೆಳೆದರೆ ಓಲೆ ಸೀಳುವುದಾದ ಕಾರಣ ನಮ್ಮ ಅಕ್ಷರಗಳು ದುಂಡಾದುವೆಂದು ಲಿಪಿಶಾಸ್ತ್ರಜ್ಞರು ಹೇಳುವುದುಂಟು. ಅಚ್ಚಿನ ಮೊಳೆ ಬಂದಾಗ ಒತ್ತಕ್ಷರಗಳಿಗೆ ಬೇರೆ ಮೊಳೆಗಳನ್ನು ಎರೆಯಬೇಕಾಯಿತು. ಬೆರಳಚ್ಚಿನ ಯಂತ್ರ ಬಂದಾಗ ಕೀಲಿಗಳ ಸಂಖ್ಯೆಗೆ ತಕ್ಕಂತೆ ಅಕ್ಷರವನ್ನೇ ತುಂಡುಗಳಾಗಿ ಒಡೆಯಬೇಕಾಯಿತು. ಇಪ್ಪತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಗಣಕಯಂತ್ರವು ಮನೆಗಳಿಗೂ ಶಾಲೆಗಳಿಗೂ ಬಂದಾಗ ಇದೇ ಪ್ರಶ್ನೆ ಹೊಸ ರೂಪದಲ್ಲಿ ನಮ್ಮೆದುರಿಗೆ ನಿಂತಿತು.

ಸುಮಾರು ೧೯೭೭ರಿಂದ ೧೯೯೦ರವರೆಗೆ ಜಗತ್ತಿನ ಮನೆಗಳಲ್ಲಿ ಬಳಕೆಯಾದ ಗಣಕಗಳಲ್ಲಿ ಬಹುಪಾಲು ಎಂಟು ಬಿಟ್ಟಿನವು. ಅವುಗಳನ್ನು ತಯಾರಿಸಿದವರು ತಮ್ಮ ಯಂತ್ರಗಳೊಡನೆ ಕೊಟ್ಟ ಅಕ್ಷರಪಟ್ಟಿಗಳಲ್ಲಿ ಕನ್ನಡವಿರಲಿಲ್ಲ. ಇದಕ್ಕೆ ಕಾರಣವೇನೆಂದು ಕೇಳಿದರೆ ಸಾಮಾನ್ಯವಾಗಿ ದೊರೆಯುವ ಉತ್ತರ ಒಂದೇ: ಯಂತ್ರ ಚಿಕ್ಕದು, ಕನ್ನಡ ಲಿಪಿ ದೊಡ್ಡದು, ಆದುದರಿಂದ ಅದು ಇದರಲ್ಲಿ ಹಿಡಿಸಲಿಲ್ಲ. ಈ ಉತ್ತರವು ಎಷ್ಟರಮಟ್ಟಿಗೆ ಸತ್ಯ? ಯಂತ್ರದ ರಚನೆಯಲ್ಲಿ ಎಲ್ಲಿ ಎಲ್ಲಿ ರಾಜಿಗಳು ನಡೆದುವು, ಆ ರಾಜಿಗಳ ವೆಚ್ಚವನ್ನು ಯಾರು ತೆತ್ತರು, ಅವುಗಳ ಗುರುತು ಇಂದಿನ ಕನ್ನಡ ಪಠ್ಯದಲ್ಲಿ ಉಳಿದಿದೆಯೆ ಎಂಬುದನ್ನು ಈ ಲೇಖನದಲ್ಲಿ ವಿವೇಚಿಸಲು ಉದ್ದೇಶಿಸಿದೆ. ವಿಷಯವು ಯಂತ್ರಶಾಸ್ತ್ರದ್ದಾದರೂ ಅದರ ಫಲವನ್ನು ಅನುಭವಿಸುವವರು ಸಾಹಿತ್ಯದ ವಿದ್ಯಾರ್ಥಿಗಳೂ ಹೌದಾದುದರಿಂದ, ಗಣಿತದ ಪರಿಚಯ ಹೆಚ್ಚಿಲ್ಲದ ವಾಚಕರಿಗೂ ತಿಳಿಯುವಂತೆ ಮೊದಲು ಕೆಲವು ಮೂಲವಿಷಯಗಳನ್ನು ಹೇಳುವುದು ಅವಶ್ಯಕ.

೨

ಬಿಟ್ ಎಂಬುದು ಸೊನ್ನೆ ಅಥವಾ ಒಂದು ಎಂಬ ಎರಡು ನೆಲೆಗಳಲ್ಲಿ ಒಂದನ್ನು ತಾಳುವ ಗುರುತು. ಅಂಥ ಎಂಟು ಗುರುತುಗಳ ಗುಂಪಿಗೆ ಬೈಟ್ ಎಂದು ಹೆಸರು. ಎಂಟು ಗುರುತುಗಳಿಂದ ೨೫೬ ಭಿನ್ನ ಸಂಕೇತಗಳನ್ನು ಮಾಡಬಹುದು. ಯಂತ್ರದ ಹೃದಯವೆನ್ನಬಹುದಾದ ಪ್ರೊಸೆಸರ್ ಒಂದು ಸಲಕ್ಕೆ ಒಂದು ಬೈಟನ್ನು ಎತ್ತಿ ಕೆಲಸ ಮಾಡುವುದಾದರೆ ಅದನ್ನು ಎಂಟು ಬಿಟ್ಟಿನದೆನ್ನುವರು. ೧೯೭೫ರಲ್ಲಿ ಬಂದ ೬೫೦೨ ಎಂಬುದೂ ೧೯೭೬ರಲ್ಲಿ ಬಂದ ಜೆಡ್-೮೦ ಎಂಬುದೂ ಈ ಜಾತಿಯ ಎರಡು ಪ್ರಸಿದ್ಧ ಪ್ರೊಸೆಸರುಗಳು. ಮುಂದೆ ಹೇಳಲಿರುವ ಯಂತ್ರಗಳೆಲ್ಲವೂ ಇವೆರಡರಲ್ಲಿ ಒಂದರ ಸಂತತಿ.

ಈ ಪ್ರೊಸೆಸರುಗಳಿಗೆ ಸ್ಮೃತಿಯ ಮನೆಗಳನ್ನು ಗುರುತಿಸಲು ಹದಿನಾರು ತಂತಿಗಳಿದ್ದುವು. ಆದಕಾರಣ ಅವು ನೇರವಾಗಿ ಕಾಣಬಲ್ಲ ಮನೆಗಳ ಸಂಖ್ಯೆ ೬೫,೫೩೬. ಇದನ್ನೇ ೬೪ ಕಿಲೋಬೈಟ್ ಎನ್ನುವರು. ಯಂತ್ರವನ್ನು ನಡೆಸುವ ಸ್ಥಿರವಾದ ಆದೇಶಗಳು, ಬಳಸುವವನು ಬರೆದ ಕ್ರಮಾದೇಶ, ಅವನ ಪಠ್ಯ, ಪರದೆಯ ಮೇಲೆ ಕಾಣುವ ಚಿತ್ರ—ಇವೆಲ್ಲಕ್ಕೂ ಈ ೬೫,೫೩೬ ಮನೆಗಳಲ್ಲಿಯೇ ಎಡೆ ಸಿಗಬೇಕು. ಎಂಟು ಬಿಟ್ಟಿನ ಯಂತ್ರಗಳ ಎಲ್ಲ ರಾಜಿಗಳ ತಾಯಿಬೇರು ಇದೇ.

ಮೊದಲನೆಯ ರಾಜಿಯು ಕಾಲದ ಹಂಚಿಕೆಯಲ್ಲಿ ನಡೆಯಿತು. ಪರದೆಯ ಮೇಲೆ ಚಿತ್ರ ನಿಲ್ಲಬೇಕಾದರೆ ಒಂದು ವಿದ್ಯುನ್ಮಂಡಲವು ಸ್ಮೃತಿಯನ್ನು ಎಡೆಬಿಡದೆ ಓದುತ್ತಿರಬೇಕು. ಅದೇ ಸ್ಮೃತಿಯನ್ನು ಪ್ರೊಸೆಸರೂ ಓದಬೇಕು. ಎಕ್ಕಂಬಿಯ ಸುತ್ತಿನ ಶಿರಸಿ ಸೀಮೆಯಲ್ಲಿ ಒಂದೇ ಹಳ್ಳದ ನೀರನ್ನು ಎರಡು ತೋಟದವರು ಸರದಿಯ ಮೇಲೆ ಹಾಯಿಸಿಕೊಳ್ಳಬಹುದು. ಇಲ್ಲವೆ ಮೇಲಿನ ತೋಟದವನು ತನ್ನ ಕೆಲಸ ಮುಗಿಯುವತನಕ ಕೆಳಗಿನವನನ್ನು ತಡೆದು ನಿಲ್ಲಿಸಬಹುದು. ಯಂತ್ರಗಳಲ್ಲಿಯೂ ಈ ಎರಡು ಪದ್ಧತಿಗಳು ಕಂಡುಬಂದುವು. ೧೯೮೧ರಲ್ಲಿ ಇಂಗ್ಲೆಂಡಿನ ಏಕಾರ್ನ್ ಸಂಸ್ಥೆ ತಯಾರಿಸಿದ ಬಿ.ಬಿ.ಸಿ. ಮೈಕ್ರೋದಲ್ಲಿ ಸೆಕೆಂಡಿಗೆ ನಾಲ್ಕು ದಶಲಕ್ಷ ಬಾರಿ ಓದಬಲ್ಲ ವೇಗದ ಸ್ಮೃತಿಯನ್ನಿಟ್ಟು, ಅರ್ಧ ಸರದಿಯನ್ನು ಪ್ರೊಸೆಸರಿಗೂ ಅರ್ಧವನ್ನು ಪರದೆಗೂ ಕೊಟ್ಟರು. ಯಾರಿಗೂ ತಡೆಯಿಲ್ಲ, ಆದರೆ ಯಂತ್ರದ ಬೆಲೆ ಹೆಚ್ಚಾಯಿತು. ೧೯೮೨ರ ಸಿಂಕ್ಲೇರ್ ಸ್ಪೆಕ್ಟ್ರಮ್ ಎಂಬ ಅಗ್ಗದ ಯಂತ್ರದಲ್ಲಿ ಪರದೆಯು ಓದುವಾಗ ಪ್ರೊಸೆಸರು ಕಾದು ನಿಲ್ಲಬೇಕಾಗಿತ್ತು. ಬೆಲೆ ಇಳಿಯಿತು, ವೇಗ ಕುಂದಿತು.

ಎರಡನೆಯ ರಾಜಿಯು ಸ್ಥಳದ ಹಂಚಿಕೆಯಲ್ಲಿ. ಸ್ಪೆಕ್ಟ್ರಮ್ ಯಂತ್ರದ ಪರದೆಯಲ್ಲಿ ಅಡ್ಡಕ್ಕೆ ೨೫೬, ಉದ್ದಕ್ಕೆ ೧೯೨ ಚುಕ್ಕೆಗಳು. ಪ್ರತಿಯೊಂದು ಚುಕ್ಕೆಗೂ ಹದಿನಾರು ಬಣ್ಣಗಳಲ್ಲಿ ಬೇಕಾದುದನ್ನು ಕೊಡಬೇಕೆಂದರೆ ೨೪,೫೭೬ ಬೈಟು ಬೇಕಾಗುತ್ತಿತ್ತು. ಅದರ ಬದಲು ಎಂಟೆಂಟು ಚುಕ್ಕೆಗಳ ಒಂದೊಂದು ಚೌಕಕ್ಕೆ ಎರಡೇ ಬಣ್ಣಗಳೆಂದು ನಿಯಮಮಾಡಿ ೬,೯೧೨ ಬೈಟುಗಳಲ್ಲಿ ಮುಗಿಸಿದರು. ಒಂದು ಚಿತ್ರವು ಇನ್ನೊಂದರ ಚೌಕವನ್ನು ಹೊಕ್ಕರೆ ಬಣ್ಣಗಳು ಕಲಸಿಹೋಗುತ್ತಿದ್ದುವು. ಆದರೆ ಅಕ್ಷರಗಳಿಗೆ ಮಾತ್ರ ಈ ತೊಂದರೆಯಿರಲಿಲ್ಲ. ಏಕೆಂದರೆ ಇಂಗ್ಲಿಷಿನ ಒಂದು ಅಕ್ಷರ ಎಂಟು ಚುಕ್ಕೆಗಳ ಒಂದು ಚೌಕದಲ್ಲಿ ಸರಿಯಾಗಿ ಕುಳಿತುಕೊಳ್ಳುವುದು. ಚೌಕದ ಅಳತೆಯನ್ನು ಗೊತ್ತುಮಾಡಿದುದು ರೋಮನ್ ಅಕ್ಷರದ ಅಳತೆಯೇ ಎಂಬುದನ್ನು ನಾವು ಇಲ್ಲಿ ಗಮನಿಸಬೇಕು.

೩

ಮೇಲೆ ಹೇಳಿದ ಬಿ.ಬಿ.ಸಿ. ಮೈಕ್ರೋವನ್ನು ಸ್ವಲ್ಪ ವಿಸ್ತಾರವಾಗಿ ಪರಿಶೀಲಿಸಬೇಕಾಗಿದೆ. ಏಕೆಂದರೆ ನಮ್ಮ ದೇಶದ ಶಾಲೆಗಳಿಗೆ ಸರಕಾರದ ಮೂಲಕ ಬಂದ ಮೊದಲ ಗಣಕ ಅದು. ೧೯೮೪-೮೫ರಲ್ಲಿ ಭಾರತ ಸರಕಾರದ ಶಿಕ್ಷಣ ಇಲಾಖೆಯೂ ಎಲೆಕ್ಟ್ರಾನಿಕ್ಸ್ ಇಲಾಖೆಯೂ ಕೂಡಿ ‘ಕ್ಲಾಸ್’ ಎಂಬ ಯೋಜನೆಯನ್ನು ಆರಂಭಿಸಿ, ದೇಶದ ಸುಮಾರು ೨೫೦ ಶಾಲೆಗಳಲ್ಲಿ ಈ ಯಂತ್ರಗಳನ್ನು ಇರಿಸಿದುವು. ಮನೆಗಳ ಮಟ್ಟಿಗೆ ಹೇಳುವುದಾದರೆ, ಡೆಸಿಬೆಲ್ಸ್ ಎಂಬ ಭಾರತೀಯ ಸಂಸ್ಥೆಯೊಂದು ಸ್ಪೆಕ್ಟ್ರಮ್ ಯಂತ್ರವನ್ನು ಅದೇ ದಶಕದಲ್ಲಿ ಮಾರಿತು.

ಬಿ.ಬಿ.ಸಿ. ಮೈಕ್ರೋದ ‘ಬಿ’ ಮಾದರಿಯಲ್ಲಿ ಬರೆದು ಅಳಿಸಬಹುದಾದ ಸ್ಮೃತಿ ೩೨ ಕಿಲೋಬೈಟ್, ಅಂದರೆ ೩೨,೭೬೮ ಬೈಟು. ಅದರ ಪರದೆಗೆ ಸೊನ್ನೆಯಿಂದ ಏಳರವರೆಗೆ ಎಂಟು ವಿಧಗಳು. ಮೊದಲನೆಯ ಮೂರು ವಿಧಗಳು ೨೦ ಕಿಲೋಬೈಟನ್ನು ನುಂಗುವುವು. ನಾಲ್ಕನೆಯ ವಿಧ ೧೦ ಕಿಲೋಬೈಟನ್ನು. ಏಳನೆಯದು ಒಂದೇ ಒಂದು ಕಿಲೋಬೈಟನ್ನು. ಈ ಕೊನೆಯದರ ಮಿತವ್ಯಯಕ್ಕೆ ಕಾರಣವೇನೆಂದರೆ, ಅದರಲ್ಲಿ ಪರದೆಯ ಚುಕ್ಕೆಗಳನ್ನು ಸ್ಮೃತಿಯಲ್ಲಿ ಇಡುವುದಿಲ್ಲ; ಸಾಲಿಗೆ ೪೦ರಂತೆ ೨೫ ಸಾಲುಗಳ ಒಂದು ಸಾವಿರ ಸಂಕೇತಗಳನ್ನು ಮಾತ್ರ ಇಡುವರು. ಆ ಸಂಕೇತವನ್ನು ನೋಡಿ ಅಕ್ಷರದ ಆಕಾರವನ್ನು ಒದಗಿಸುವುದು ದೂರದರ್ಶನದ ಪಠ್ಯಸೇವೆಗಾಗಿ ತಯಾರಾದ ಒಂದು ಚಿಕ್ಕ ಬಿಲ್ಲೆ. ಅದರೊಳಗಿನ ಆಕಾರಗಳು ಕಾರ್ಖಾನೆಯಲ್ಲಿಯೇ ಕೊರೆದವು. ಬಳಸುವವನು ಅವುಗಳನ್ನು ತಿದ್ದಲಾರ.

ಕನ್ನಡ ಮುದ್ರಣದ ಚರಿತ್ರೆಯನ್ನು ಬಲ್ಲವರಿಗೆ ಈ ಭೇದವು ಹೊಸದಲ್ಲ. ಬಾಸೆಲ್ ಮಿಶನ್ನಿನವರು ೧೮೪೧ರಲ್ಲಿ ಮಂಗಳೂರಿನಲ್ಲಿ ಸ್ಥಾಪಿಸಿದ ಮುದ್ರಣಾಲಯವು ಆರಂಭದಲ್ಲಿ ಕಲ್ಲಚ್ಚಿನದು. ೧೮೪೩ರಲ್ಲಿ ಹೊರಟ ‘ಮಂಗಳೂರ ಸಮಾಚಾರ’ವೂ ಕಲ್ಲಚ್ಚಿನಲ್ಲಿಯೇ ಬಂದಿತು. ಕಲ್ಲಚ್ಚಿನಲ್ಲಿ ಕೈ ಬರೆದ ಯಾವ ಆಕಾರವಾದರೂ ಮೂಡಬಹುದು. ಆದರೆ ಪುಟಪುಟಕ್ಕೂ ಮೊದಲಿನಿಂದ ಬರೆಯಬೇಕು. ಮೊಳೆಯಚ್ಚಿನಲ್ಲಿ ಕೆಲಸ ಬೇಗ ಸಾಗುವುದು, ಸ್ಥಳ ಉಳಿಯುವುದು; ಆದರೆ ಪೆಟ್ಟಿಗೆಯಲ್ಲಿ ಇಲ್ಲದ ಮೊಳೆ ಪುಟದಲ್ಲಿ ಮೂಡದು. ಬಿ.ಬಿ.ಸಿ. ಯಂತ್ರದ ಏಳನೆಯ ವಿಧವು ಮೊಳೆಯಚ್ಚು. ಉಳಿದ ವಿಧಗಳು ಕಲ್ಲಚ್ಚು. ಮೊಳೆಯ ಪೆಟ್ಟಿಗೆಯಲ್ಲಿದ್ದುದು ಇಂಗ್ಲಿಷು ಮಾತ್ರ. ಆದುದರಿಂದ ಇಂಗ್ಲಿಷನ್ನು ಬರೆಯುವವನಿಗೆ ಪರದೆಯು ಒಂದು ಕಿಲೋಬೈಟಿಗೆ ದೊರೆಯಿತು. ಕನ್ನಡವನ್ನು ಬರೆಯಬೇಕೆನ್ನುವವನು ಕಲ್ಲಚ್ಚಿಗೇ ಹೋಗಬೇಕು, ಹತ್ತು ಅಥವಾ ಇಪ್ಪತ್ತು ಕಿಲೋಬೈಟನ್ನು ತೆರಬೇಕು. ಯಂತ್ರದಲ್ಲಿ ಉಳಿತಾಯವಾದುದು ನಿಜ. ಆದರೆ ಆ ಉಳಿತಾಯವು ಎಲ್ಲರಿಗೂ ಸಮನಾಗಿ ಹಂಚಿಕೆಯಾಗಲಿಲ್ಲ.

ಇನ್ನು ಕಲ್ಲಚ್ಚಿನ ವಿಧದಲ್ಲಿ ಕನ್ನಡಕ್ಕೆ ಏನು ಬೇಕೆಂಬುದನ್ನು ಲೆಕ್ಕ ಹಾಕೋಣ. ಎಂಟು ಚುಕ್ಕೆಯ ಚೌಕದಲ್ಲಿ ತಲಕಟ್ಟು, ಗುಡಿಸು, ಒಳಗಿನ ಸುಳಿ, ಕೆಳಗಿನ ಒತ್ತು ಇವೆಲ್ಲ ಮೂಡಲಾರವು. ಓದಲು ಹಿತವಾಗುವಂತೆ ಒಂದು ಅಕ್ಷರಕ್ಕೆ ಹದಿನಾರು ಚುಕ್ಕೆ ಅಗಲವನ್ನೂ, ಮೇಲಿನ ಅಕ್ಷರಕ್ಕೆ ಹದಿನಾರು ಮತ್ತು ಕೆಳಗಿನ ಒತ್ತಿಗೆ ಎಂಟು, ಒಟ್ಟು ಇಪ್ಪತ್ತನಾಲ್ಕು ಚುಕ್ಕೆ ಎತ್ತರವನ್ನೂ ಇಟ್ಟುಕೊಳ್ಳೋಣ. ಆಗ ಒಂದು ಅಕ್ಷರಕ್ಕೆ ೪೮ ಬೈಟು. ಇಂಗ್ಲಿಷಿನ ಅಕ್ಷರಕ್ಕೆ ಎಂಟು. ನಾಲ್ಕನೆಯ ವಿಧದ ೩೨೦ಕ್ಕೆ ೨೫೬ ಚುಕ್ಕೆಗಳ ಪರದೆಯಲ್ಲಿ ಇಂಗ್ಲಿಷು ಸಾಲಿಗೆ ೪೦ರಂತೆ ೩೨ ಸಾಲು ಹಿಡಿಸಿದರೆ, ಕನ್ನಡ ಸಾಲಿಗೆ ೨೦ರಂತೆ ಹತ್ತು ಸಾಲು ಹಿಡಿಸುವುದು. ಬಳಸುವವನು ತಾನೇ ರೂಪಿಸಿಕೊಳ್ಳಲೆಂದು ಯಂತ್ರವು ಮೊದಲಿಗೆ ಬಿಟ್ಟುಕೊಟ್ಟಿದ್ದ ಆಕಾರಗಳು ೩೨. ಎಂಟು ಚುಕ್ಕೆಯ ಚೌಕಗಳನ್ನು ಆರಾರಾಗಿ ಜೋಡಿಸಿದರೆ ಅವುಗಳಿಂದ ಐದು ಕನ್ನಡ ಅಕ್ಷರಗಳಾಗುವುವು.

ಅಕ್ಷರಗಳ ಸಂಖ್ಯೆಯಾದರೋ ಇನ್ನೂ ಭಯವನ್ನು ಹುಟ್ಟಿಸುವಂಥದು. ೩೪ ವ್ಯಂಜನಗಳು, ಪ್ರತಿಯೊಂದಕ್ಕೂ ಅಕಾರದಿಂದ ಔಕಾರದವರೆಗೆ ೧೩ ಸ್ವರರೂಪಗಳು. ಒಟ್ಟು ಗುಣಿತಾಕ್ಷರಗಳು ೪೪೨. ಒಂದೊಂದಕ್ಕೆ ೪೮ ಬೈಟಿನಂತೆ ೨೧,೨೧೬ ಬೈಟು. ಎರಡು ವ್ಯಂಜನಗಳು ಕೂಡಿದ ಒತ್ತಕ್ಷರಗಳನ್ನೂ ಇಡಿಯಾಗಿ ಎಣಿಸಿದರೆ ೪೪೨ನ್ನು ೩೪ರಿಂದ ಗುಣಿಸಿ ೧೫,೦೨೮ ರೂಪಗಳು. ೩೨ ಕಿಲೋಬೈಟಿನ ಯಂತ್ರದಲ್ಲಿ ಇದು ಅಸಾಧ್ಯವೆಂಬುದು ಸ್ಪಷ್ಟ. ‘ಯಂತ್ರ ಚಿಕ್ಕದು, ಲಿಪಿ ದೊಡ್ಡದು’ ಎಂಬ ಮಾತಿಗೆ ಆಧಾರವಾದ ಲೆಕ್ಕ ಇದು. ಲೆಕ್ಕದಲ್ಲಿ ತಪ್ಪಿಲ್ಲ, ಲೆಕ್ಕ ಹಾಕಿದ ರೀತಿಯಲ್ಲಿ ತಪ್ಪಿದೆಯೆಂಬುದನ್ನು ಮುಂದೆ ತೋರಿಸಲಾಗುವುದು.

೪

೧೯೮೫ರ ಸುಮಾರಿಗೆ ಸ್ಮೃತಿಯ ಬೆಲೆ ಇಳಿಯಿತು. ಹದಿನಾರು ಬಿಟ್ಟಿನ ಹೊಸ ಯಂತ್ರಗಳು ಆಗಲೇ ಬರತೊಡಗಿದ್ದರೂ ಅವು ದುಬಾರಿ. ಆದುದರಿಂದ ಹಳೆಯ ಎಂಟು ಬಿಟ್ಟಿನ ಯಂತ್ರಗಳಿಗೆ ಹೆಚ್ಚಿನ ಸ್ಮೃತಿಯನ್ನು ಸೇರಿಸಿ ಮಾರುವ ಪ್ರಯತ್ನ ನಡೆಯಿತು. ಇವೇ ಕೊನೆಗಾಲದ ಎಂಟು ಬಿಟ್ಟಿನ ಗಣಕಗಳು. ಇಲ್ಲಿ ತಯಾರಕರನ್ನು ಕಾಡಿದುದು ಸ್ಮೃತಿಯ ಅಭಾವವಲ್ಲ. ಹಳೆಯ ಗ್ರಾಹಕರ ಋಣ. ಲಕ್ಷಾಂತರ ಮನೆಗಳಲ್ಲಿ ಹಳೆಯ ಕ್ರಮಾದೇಶಗಳಿದ್ದುವು. ಹೊಸ ಯಂತ್ರದಲ್ಲಿ ಅವು ನಡೆಯದಿದ್ದರೆ ಯಾರೂ ಕೊಳ್ಳುವುದಿಲ್ಲ. ಹಳೆಯದರಂತೆಯೇ ಎಲ್ಲವೂ ನಡೆದರೆ ಹೊಸದನ್ನು ಕೊಳ್ಳಲು ಕಾರಣವಿಲ್ಲ. ಈ ಇಕ್ಕಟ್ಟಿನೊಳಗಿನಿಂದ ಹುಟ್ಟಿದ ರಾಜಿಗಳು ಬಹು ವಿಚಿತ್ರವಾದುವು.

ಹದಿನಾರು ತಂತಿಗಳ ಪ್ರೊಸೆಸರು ೬೪ ಕಿಲೋಬೈಟಿಗಿಂತ ಹೆಚ್ಚನ್ನು ಕಾಣಲಾರದಷ್ಟೆ. ಅದಕ್ಕಾಗಿ ಸ್ಮೃತಿಯನ್ನು ಅಂಕಣಗಳಾಗಿ ವಿಭಾಗಿಸಿ, ಬೇಕಾದ ಅಂಕಣವನ್ನು ಬೇಕಾದಾಗ ಕಿಟಕಿಯ ಎದುರಿಗೆ ತಂದು ನಿಲ್ಲಿಸುವ ಉಪಾಯವನ್ನು ಕಂಡುಕೊಂಡರು. ಸ್ಪೇನಿನಲ್ಲಿ ೧೯೮೫ರಲ್ಲಿಯೂ ಇಂಗ್ಲೆಂಡಿನಲ್ಲಿ ೧೯೮೬ರಲ್ಲಿಯೂ ಹೊರಬಂದ ಸ್ಪೆಕ್ಟ್ರಮ್ ೧೨೮ರಲ್ಲಿ ೧೬ ಕಿಲೋಬೈಟಿನ ಎಂಟು ಅಂಕಣಗಳಿದ್ದುವು. ಮೇಲಿನ ಕಾಲುಭಾಗದ ಕಿಟಕಿಯಲ್ಲಿ ಅವುಗಳಲ್ಲಿ ಒಂದು ಮಾತ್ರ ಕಾಣುವುದು. ಹಳೆಯ ಕ್ರಮಾದೇಶಗಳು ತಿಳಿಯದೆ ಕಿಟಕಿಯನ್ನು ಅಲುಗಿಸಬಾರದೆಂದು ಅದಕ್ಕೊಂದು ಬೀಗವನ್ನೂ ಇಟ್ಟರು. ಹಳೆಯ ೪೮ರ ಕ್ರಮದಲ್ಲಿ ಯಂತ್ರವನ್ನು ನಡೆಸಿದರೆ ಬೀಗ ಬೀಳುವುದು. ಯಂತ್ರವನ್ನು ಮೊದಲಿನಿಂದ ಆರಂಭಿಸುವ ತನಕ ಹೊಸ ಸ್ಮೃತಿ ದೊರೆಯದು. ಪರದೆಯಲ್ಲಿ ಬಣ್ಣ ಕಲಸುವ ಹಳೆಯ ದೋಷವಂತೂ ಹಾಗೆಯೇ ಉಳಿಯಿತು. ಏಕೆಂದರೆ ಅದನ್ನು ತಿದ್ದಿದರೆ ಹಳೆಯ ಆಟಗಳು ಕೆಡುತ್ತಿದ್ದುವು.

೧೯೮೫ರ ಕೊಮೊಡೋರ್ ೧೨೮ ಇನ್ನೂ ಮುಂದೆ ಹೋಯಿತು. ಅದೊಂದು ಯಂತ್ರವಲ್ಲ, ಒಂದೇ ಪೆಟ್ಟಿಗೆಯಲ್ಲಿ ಕೂಡಿಹಾಕಿದ ಮೂರು ಯಂತ್ರಗಳು: ಹೊಸ ೧೨೮, ೧೯೮೨ರ ಕೊಮೊಡೋರ್ ೬೪, ಮತ್ತು ಕಚೇರಿಯ ಕೆಲಸಕ್ಕಾಗಿ ಸಿ.ಪಿ.ಎಂ. ಎಂಬ ವ್ಯವಸ್ಥೆಯನ್ನು ನಡೆಸುವ ಜೆಡ್-೮೦ರ ಯಂತ್ರ. ಎರಡು ಪ್ರೊಸೆಸರು, ಪರದೆಗಾಗಿ ಎರಡು ಬಿಲ್ಲೆ, ಸಾಲಿಗೆ ೪೦ ಅಕ್ಷರದ ಪರದೆಗೊಂದು ಮತ್ತು ೮೦ ಅಕ್ಷರದ ಪರದೆಗೊಂದು ತಂತಿಯ ಬಾಯಿ. ಪ್ರೊಸೆಸರನ್ನು ಇಮ್ಮಡಿ ವೇಗದಲ್ಲಿ ಓಡಿಸಬಹುದಾಗಿತ್ತು; ಆದರೆ ಹಳೆಯ ಚಿತ್ರದ ಬಿಲ್ಲೆ ಆ ವೇಗವನ್ನು ಹಿಡಿಯಲಾರದೆ ೪೦ ಅಕ್ಷರದ ಪರದೆ ಬರಿದಾಗುತ್ತಿತ್ತು. ಅದರ ಹೊಸ ಮುದ್ರಿಕೆಯ ಸಾಧನವು ಹೊಸ ಕ್ರಮದಲ್ಲಿ ಬೇಗ ಓದುತ್ತಿತ್ತು. ಅದೇ ಸಾಧನ, ಅದೇ ಪೆಟ್ಟಿಗೆ, ೬೪ರ ಕ್ರಮಕ್ಕೆ ತಿರುಗಿಸಿದೊಡನೆ ಸೆಕೆಂಡಿಗೆ ಸುಮಾರು ೪೦೦ ಬೈಟುಗಳ ಹಳೆಯ ಆಮೆಯ ನಡಿಗೆಗೆ ಇಳಿಯುತ್ತಿತ್ತು. ಹಳೆಯದನ್ನು ಇಷ್ಟು ನಿಷ್ಠೆಯಿಂದ ಕಾಪಾಡಿದುದರ ಪರಿಣಾಮವೇನೆಂದರೆ, ಕ್ರಮಾದೇಶಗಳನ್ನು ಬರೆಯುವವರು ಎಲ್ಲರ ಬಳಿಯೂ ನಡೆಯುವ ೬೪ಕ್ಕೇ ಬರೆದರು. ಹೊಸ ೧೨೮ರ ಶಕ್ತಿ ಬಹಳಮಟ್ಟಿಗೆ ಬಳಕೆಯಾಗದೆ ಉಳಿಯಿತು.

ಬಿ.ಬಿ.ಸಿ. ಯಂತ್ರದ ಉತ್ತರಾಧಿಕಾರಿ ೧೯೮೬ರ ಮಾಸ್ಟರ್ ೧೨೮. ಇದರಲ್ಲಿ ಪರದೆಯ ೨೦ ಕಿಲೋಬೈಟನ್ನು ಬಳಸುವವನ ಸ್ಮೃತಿಯಿಂದ ಎತ್ತಿ ಹಿಂದಿನ ಒಂದು ನೆರಳುಸ್ಮೃತಿಗೆ ಒಯ್ದರು. ಆದರೆ ಹಳೆಯ ಕ್ರಮಾದೇಶಗಳಲ್ಲಿ ಕೆಲವು ಪರದೆಯ ಹಳೆಯ ವಿಳಾಸಕ್ಕೆ ನೇರವಾಗಿ ಬರೆಯುತ್ತಿದ್ದುವು. ಅವಕ್ಕಾಗಿ ಪರದೆಯ ಪ್ರತಿಯೊಂದು ವಿಧಕ್ಕೂ ಎರಡು ಸಂಖ್ಯೆಗಳನ್ನು ಕೊಟ್ಟರು: ಸೊನ್ನೆಯಿಂದ ಏಳರವರೆಗೆ ಹಳೆಯ ಸ್ಥಾನ, ೧೨೮ರಿಂದ ೧೩೫ರವರೆಗೆ ನೆರಳಿನ ಸ್ಥಾನ. ಇದಲ್ಲದೆ ೬೪ ಕಿಲೋಬೈಟಿನಷ್ಟು ಸ್ಮೃತಿಯನ್ನು ೧೬ ಕಿಲೋಬೈಟಿನ ನಾಲ್ಕು ಅಂಕಣಗಳಾಗಿ ಪಕ್ಕಕ್ಕೆ ಇರಿಸಿದರು. ಏಳನೆಯ ವಿಧದ ಮೊಳೆಯ ಪೆಟ್ಟಿಗೆ ಮಾತ್ರ ಮೊದಲಿನಂತೆಯೇ ಇತ್ತು.

ಇವೆಲ್ಲಕ್ಕಿಂತ ಭಿನ್ನವಾದ ದಾರಿ ಹಿಡಿದುದು ಇಂಗ್ಲೆಂಡಿನ ಆಮ್‌ಸ್ಟ್ರಾಡ್ ಸಂಸ್ಥೆಯ ಪಿ.ಸಿ.ಡಬ್ಲ್ಯು. ೮೨೫೬. ೧೯೮೫ರಲ್ಲಿ ಬಂದ ಈ ಯಂತ್ರವು ಹಳೆಯ ಯಾವ ಆಟದ ಯಂತ್ರದ ಋಣವನ್ನೂ ಹೊರಲಿಲ್ಲ. ಬರೆಯುವುದೊಂದೇ ಅದರ ಉದ್ದೇಶ. ಬಣ್ಣವಿಲ್ಲ, ಮುದ್ರಣಯಂತ್ರಕ್ಕೆ ಬೇರೆ ಬುದ್ಧಿಯನ್ನು ಕೊಡದೆ ಅದನ್ನೂ ಜೆಡ್-೮೦ ಪ್ರೊಸೆಸರಿನಿಂದಲೇ ನಡೆಸಿ ಹಣ ಉಳಿಸಿದರು. ಆದರೆ ಸ್ಮೃತಿ ೨೫೬ ಕಿಲೋಬೈಟ್. ಪರದೆ ಸಂಪೂರ್ಣವಾಗಿ ಚುಕ್ಕೆಗಳದು, ಅಡ್ಡಕ್ಕೆ ೭೨೦, ಉದ್ದಕ್ಕೆ ೨೫೬. ಮೊಳೆಯಚ್ಚಲ್ಲ, ಕಲ್ಲಚ್ಚು. ನಾವು ಮೇಲೆ ಹಿಡಿದ ಅಳತೆಯಲ್ಲಿ ಇದರಲ್ಲಿ ಸಾಲಿಗೆ ೪೫ ಕನ್ನಡ ಅಕ್ಷರಗಳಂತೆ ಹತ್ತು ಸಾಲು ಕಾಣಬಹುದಾಗಿತ್ತು. ಅದರಲ್ಲಿ ಯೂರೋಪಿನ ಅನೇಕ ಭಾಷೆಗಳ ಚಿಹ್ನೆಗಳೂ ಗ್ರೀಕ್ ಅಕ್ಷರಗಳೂ ಇದ್ದುವು. ಯಾವುದರಲ್ಲಿ ಉಳಿಸಬೇಕು, ಯಾವುದರಲ್ಲಿ ಉಳಿಸಬಾರದು ಎಂಬುದನ್ನು ತಯಾರಕನು ತನ್ನ ಗ್ರಾಹಕನ ಮುಖವನ್ನು ನೋಡಿ ಗೊತ್ತುಮಾಡುವನೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಡ.

೫

ಇಲ್ಲಿ ಒಂದು ಆಕ್ಷೇಪಣೆ ಬರಬಹುದು: ಯೂರೋಪಿನ ಲಿಪಿಗಳು ಸರಳವಾದುವು, ಜಟಿಲವಾದ ಲಿಪಿಯನ್ನು ಎಂಟು ಬಿಟ್ಟಿನ ಯಂತ್ರ ಹೊತ್ತ ಉದಾಹರಣೆಯುಂಟೆ? ಉಂಟು, ಅದು ಜಪಾನಿನದು. ಜಪಾನೀಯರು ತಮ್ಮ ಬರವಣಿಗೆಯಲ್ಲಿ ಬಳಸುವ ಚೀನಾ ಮೂಲದ ಕಾಂಜಿ ಅಕ್ಷರಗಳಿಗೆ ೧೯೭೮ರಲ್ಲಿ ಒಂದು ರಾಷ್ಟ್ರೀಯ ಸಂಕೇತಪಟ್ಟಿಯನ್ನು ಮಾಡಿದರು. ಅದರ ಮೊದಲನೆಯ ವರ್ಗದಲ್ಲಿಯೇ ೨,೯೬೫ ಅಕ್ಷರಗಳು. ಹದಿನಾರು ಚುಕ್ಕೆಯ ಚೌಕದಲ್ಲಿ ಒಂದೊಂದಕ್ಕೆ ೩೨ ಬೈಟಿನಂತೆ ಇವಕ್ಕೆ ೯೪,೮೮೦ ಬೈಟು ಬೇಕು. ಇದು ಎಂಟು ಬಿಟ್ಟಿನ ಪ್ರೊಸೆಸರು ನೇರವಾಗಿ ಕಾಣಬ��್ಲ ೬೫,೫೩೬ನ್ನೇ ಮೀರಿದ್ದು. ಆದರೂ ಅವರು ಹಿಂಜರಿಯಲಿಲ್ಲ. ಆಕಾರಗಳನ್ನೆಲ್ಲ ಅಳಿಸಲಾಗದ ರೋಮ್ ಎಂಬ ಪ್ರತ್ಯೇಕ ಸ್ಥಿರಸ್ಮೃತಿಯಲ್ಲಿ ಕೊರೆದು, ಪ್ರೊಸೆಸರಿನ ಎದುರಿಗೆ ಅದನ್ನು ಹರಡದೆ, ಒಂದು ಸಣ್ಣ ಬಾಗಿಲ ಮೂಲಕ ಬೇಕಾದ ಅಕ್ಷರವನ್ನು ಮಾತ್ರ ತರಿಸಿಕೊಳ್ಳುವಂತೆ ಏರ್ಪಡಿಸಿದರು. ಎನ್.ಇ.ಸಿ. ಸಂಸ್ಥೆಯ ೧೯೮೧ರ ಪಿ.ಸಿ.-೮೮೦೧ರಲ್ಲಿ ಪ್ರೊಸೆಸರು ಜೆಡ್-೮೦ರ ಜಾತಿಯದೇ. ಆದರೆ ಪರದೆಯಲ್ಲಿ ೬೪೦ಕ್ಕೆ ೪೦೦ ಚುಕ್ಕೆಗಳ ಒಂದು ವಿಧವಿದ್ದುದರಿಂದ ಸಾಲಿಗೆ ೪೦ ಕಾಂಜಿ ಅಕ್ಷರಗಳು ಸ್ಪಷ್ಟವಾಗಿ ಮೂಡುತ್ತಿದ್ದುವು. ೧೯೮೫ರ ಎಂ.ಎಸ್.ಎಕ್ಸ್. ೨ ಜಾತಿಯ ಮನೆಗಣಕಗಳಲ್ಲಿಯೂ ಹಲವಕ್ಕೆ ಕಾಂಜಿಯ ರೋಮ್ ಇತ್ತು.

ಈ ಮಾರ್ಗವನ್ನು ಕನ್ನಡಕ್ಕೆ ಅನ್ವಯಿಸಿ ಹಿಂದಿನ ಲೆಕ್ಕವನ್ನು ಬೇರೆ ರೀತಿಯಲ್ಲಿ ಹಾಕಿ ನೋಡೋಣ. ಒತ್ತಕ್ಷರವನ್ನು ಇಡಿಯಾಗಿ ಎಣಿಸಬೇಕಾದುದಿಲ್ಲ. ಮೇಲಿನ ಅಕ್ಷರವೂ ಕೆಳಗಿನ ಒತ್ತೂ ಬೇರೆ ಬೇರೆ. ನಮ್ಮ ಮುದ್ರಣಾಲಯಗಳ ಮೊಳೆ ಜೋಡಿಸುವವರು ಇದನ್ನು ಬಹು ಕಾಲದಿಂದ ಬಲ್ಲರು. ಈ, ಏ, ಓಕಾರಗಳಲ್ಲಿ ದೀರ್ಘದ ಚಿಹ್ನೆ ಬಲಗಡೆಗೆ ಪ್ರತ್ಯೇಕವಾಗಿ ನಿಲ್ಲುವುದಾದ್ದರಿಂದ ಹ್ರಸ್ವದ ರೂಪವೇ ಸಾಕು; ಹದಿಮೂರು ಹತ್ತಾಗುವುದು. ಸ್ವರವಿಲ್ಲದ ವ್ಯಂಜನದ ರೂಪವೊಂದನ್ನು ಸೇರಿಸಿದರೆ ಹನ್ನೊಂದು. ಮೇಲಿನ ಅಕ್ಷರಗಳಿಗೆ ಹದಿನಾರು ಚುಕ್ಕೆಯ ಚೌಕ ಸಾಕಾದುದರಿಂದ ೩೨ ಬೈಟು. ಒತ್ತುಗಳಿಗೆ ೧೬ ಬೈಟು. ೩೪ ವ್ಯಂಜನಗಳ ಹನ್ನೊಂದು ರೂಪಗಳಿಗೆ ೧೧,೯೬೮. ೧೩ ಸ್ವರಗಳಿಗೆ ೪೧೬. ೩೪ ಒತ್ತುಗಳಿಗೆ ೫೪೪. ಅನುಸ್ವಾರ, ವಿಸರ್ಗ, ದೀರ್ಘ, ಅರ್ಕಾವತ್ತು ಈ ನಾಲ್ಕಕ್ಕೆ ೧೨೮. ಹತ್ತು ಅಂಕಿಗಳಿಗೆ ೩೨೦. ಒಟ್ಟು ೧೩,೩೭೬ ಬೈಟು.

ಬಿ.ಬಿ.ಸಿ. ಯಂತ್ರದಲ್ಲಿ ರೋಮ್ ಬಿಲ್ಲೆಗಳನ್ನು ಕೂರಿಸಲು ನಾಲ್ಕು ಕುಳಿಗಳಿದ್ದುವು; ಒಂದೊಂದರ ಅಳವಿ ೧೬,೩೮೪ ಬೈಟು. ಎಂದರೆ ಕನ್ನಡದ ಆಕಾರಗಳೆಲ್ಲ ಒಂದೇ ಕುಳಿಯಲ್ಲಿ ಅಡಗಿ, ಅಗಲವಾದ ಕೆಲವು ಅಕ್ಷರಗಳ ಹೆಚ್ಚಿನ ಭಾಗಕ್ಕೂ ಅವುಗಳನ್ನು ಜೋಡಿಸುವ ಆದೇಶಗಳಿಗೂ ಇನ್ನೂ ೩,೦೦೮ ಬೈಟು ಉಳಿಯುತ್ತಿದ್ದುವು. ಕಾಂಜಿಯ ಮೊದಲನೆಯ ವರ್ಗ ಇದರ ಏಳರಷ್ಟು. ಉಳಿದ ತೊಡಕು ಪರದೆಯದು: ೩೨ ಕಿಲೋಬೈಟಿನ ಯಂತ್ರದಲ್ಲಿ ೨೦ ಕಿಲೋಬೈಟಿನ ಪರದೆಯನ್ನು ತೆರೆದರೆ, ಯಂತ್ರದ ಸ್ವಂತ ಬಳಕೆಯನ್ನೂ ಕಳೆದು, ಬರೆಯುವವನಿಗೆ ಸುಮಾರು ೮,೭೦೦ ಬೈಟು ಮಾತ್ರ ಉಳಿಯುವುದು. ಇದು ನಿಜವಾದ ಇಕ್ಕಟ್ಟು. ಆದರೆ ೧೯೮೬ರ ಮಾಸ್ಟರ್ ಯಂತ್ರದಲ್ಲಿ ಅದೂ ಬಗೆಹರಿದಿತ್ತು: ಆಕಾರಗಳು ಪಕ್ಕದ ಅಂಕಣದಲ್ಲಿ, ಪರದೆ ನೆರಳಿನಲ್ಲಿ, ಪಠ್ಯ ಮುಂದಿನ ಸ್ಮೃತಿಯಲ್ಲಿ. ೬೪೦ ಚುಕ್ಕೆ ಅಗಲದ ವಿಧದಲ್ಲಿ ಸಾಲಿಗೆ ೪೦ ಕನ್ನಡ ಅಕ್ಷರಗಳು. ಬೇಕಾದ ಅಂಗಗಳೆಲ್ಲ ಆ ಪೆಟ್ಟಿಗೆಯೊಳಗಿದ್ದುವು.

ಆದಕಾರಣ ಲಿಪಿಯ ಗಾತ್ರವೇ ಅಡ್ಡಿಯಾಯಿತೆಂಬ ಮಾತು ನಿಲ್ಲುವುದಿಲ್ಲ. ಜಪಾನಿನ ತಯಾರಕನಿಗೆ ಕಾಂಜಿಯಿಲ್ಲದ ಯಂತ್ರವು ಅಪೂರ್ಣವಾಗಿ ಕಂಡಿತು, ಏಕೆಂದರೆ ಅವನ ಗ್ರಾಹಕನೂ ಅವನೂ ಒಂದೇ ಭಾಷೆಯವರು. ನಮ್ಮ ಶಾಲೆಗಳಿಗೆ ಬಂದ ಯಂತ್ರವನ್ನು ರೂಪಿಸಿದವರ ಕಣ್ಣೆದುರಿಗೆ ಇದ್ದುದು ಇಂಗ್ಲೆಂಡಿನ ಮಗು. ಅವರ ರಾಜಿಗಳು ಆ ಮಗುವಿಗೆ ಒಪ್ಪುವಂಥವೇ ಆಗಿದ್ದುವು. ಅದರಲ್ಲಿ ದೋಷವೆಣಿಸುವುದು ಸಲ್ಲದು. ಯಂತ್ರವನ್ನು ತರಿಸಿಕೊಂಡವರು ಅದರ ಖಾಲಿಯಾದ ಕುಳಿಗಳಲ್ಲಿ ನಮ್ಮ ಲಿಪಿಗಳನ್ನು ಇಡಬೇಕೆಂಬುದನ್ನು ಯೋಜನೆಯ ಅಂಗವನ್ನಾಗಿ ಮಾಡಬಹುದಾಗಿತ್ತೆಂಬುದು ಮಾತ್ರ ಉಳಿಯುವ ಮಾತು.

೬

ಮನೆಗಣಕಗಳ ಕಾಲವು ಮುಗಿದರೂ ಎಂಟು ಬಿಟ್ಟಿನ ಇಕ್ಕಟ್ಟು ಮುಗಿಯಲಿಲ್ಲ. ಅದು ಯಂತ್ರದಿಂದ ಸಂಕೇತಪಟ್ಟಿಗೆ ಸ್ಥಳಾಂತರಗೊಂಡಿತು. ಭಾರತೀಯ ಲಿಪಿಗಳಿಗಾಗಿ ಕಾನಪುರದ ಐ.ಐ.ಟಿ.ಯಲ್ಲಿ ಆರಂಭವಾದ ಕೆಲಸವು ಮುಂದೆ ಪುಣೆಯ ಸಿ-ಡ್ಯಾಕ್ ಸಂಸ್ಥೆಯಲ್ಲಿ ಬೆಳೆದು ‘ಜಿಸ್ಟ್’ ಎಂಬ ಫಲಕವಾಯಿತು. ಹದಿನಾರು ಬಿಟ್ಟಿನ ಗಣಕದೊಳಗೆ ಅದನ್ನು ಸೇರಿಸಿದರೆ ಪರದೆಯ ಮೇಲೆ ಕನ್ನಡವೂ ಸೇರಿದಂತೆ ನಮ್ಮ ಲಿಪಿಗಳು ಮೂಡುತ್ತಿದ್ದುವು. ಅದಕ್ಕೆ ತಳಹದಿಯಾದ ‘ಇಸ್ಕಿ’ ಎಂಬ ಸಂಕೇತಪಟ್ಟಿಯನ್ನು ೧೯೯೧ರಲ್ಲಿ ಭಾರತೀಯ ಮಾನಕ ಸಂಸ್ಥೆಯು ಅಂಗೀಕರಿಸಿತು.

ಆ ಪಟ್ಟಿಯು ಎಂಟು ಬಿಟ್ಟಿನದು, ಸ್ಥಾನಗಳು ೨೫೬. ಕೆಳಗಿನ ೧೨೮ ಸ್ಥಾನಗಳನ್ನು ಇಂಗ್ಲಿಷಿಗಾಗಿ ಮೊದಲಿನಂತೆಯೇ ಬಿಡಬೇಕಾಗಿತ್ತು. ಮೇಲಿನರ್ಧದಲ್ಲಿ ಭಾರತದ ಬ್ರಾಹ್ಮೀಮೂಲದ ಲಿಪಿಗಳೆಲ್ಲಕ್ಕೂ ಒಂದೇ ಪಟ್ಟಿ. ಎಲ್ಲ ಲಿಪಿಗಳ ಕಕಾರಕ್ಕೂ ಒಂದೇ ಸಂಖ್ಯೆ. ಒತ್ತಕ್ಷರಗಳಿಗೆ ಸ್ಥಾನವಿಲ್ಲ, ‘ಕ್ಷ’ ಎಂಬುದನ್ನು ಕಕಾರ, ಸ್ವರವನ್ನು ಕಳೆಯುವ ಚಿಹ್ನೆ, ಷಕಾರ ಎಂದು ಮೂರು ಬೈಟುಗಳಲ್ಲಿ ಬರೆದರು. ಇದು ವ್ಯಾಕರಣಕ್ಕೆ ಒಪ್ಪಿದ, ಸಾರ್ಥಕವಾದ ರಾಜಿ. ಲಿಪಿಯ ಆಕಾರವನ್ನು ಬಿಟ್ಟು ವರ್ಣಗಳ ಕ್ರಮವನ್ನು ಹಿಡಿದುದರಿಂದ ೧೫,೦೨೮ ಎಂಬ ಭೂತವು ಒಮ್ಮೆಗೇ ಮಾಯವಾಯಿತು.

ಆದರೆ ಒಂದೇ ಪಟ್ಟಿಯೆಂದಮೇಲೆ ಅದಕ್ಕೆ ಒಂದು ಮೂಲಮಾದರಿ ಬೇಕಷ್ಟೆ, ಅದು ನಾಗರಿಯಾಯಿತು. ೧೯೯೧ರಲ್ಲಿ ಆರಂಭವಾದ ಯೂನಿಕೋಡ್ ಎಂಬ ವಿಶ್ವಸಂಕೇತದಲ್ಲಿ ಎಂಟು ಬಿಟ್ಟಿನ ಮಿತಿಯೇ ಇರಲಿಲ್ಲ. ಆದರೂ ಹಳೆಯ ಪಠ್ಯಗಳೊಡನೆ ಹೊಂದಿಕೆ ಇರಲೆಂದು ನಮ್ಮ ಲಿಪಿಗಳಿಗೆ ೧೨೮ ಸ್ಥಾನಗಳ ಒಂದೊಂದು ಹಂತವನ್ನು ಕೊಟ್ಟು, ಅದರೊಳಗೆ ೧೯೮೮ರ ಇಸ್ಕಿಯ ಕ್ರಮವನ್ನೇ ಅನುಸರಿಸಿದರು. ಕೊಮೊಡೋರ್ ೧೨೮ರೊಳಗೆ ೬೪ ಕುಳಿತಂತೆ ವಿಶ್ವಸಂಕೇತದೊಳಗೆ ಎಂಟು ಬಿಟ್ಟಿನ ಪಟ್ಟಿ ಕುಳಿತಿದೆ.

ಇದರ ಫಲವನ್ನು ಹಳಗನ್ನಡದ ಅಭ್ಯಾಸಿಗಳು ನೇರವಾಗಿ ಕಾಣಬಹುದು. ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ರೞ, ಕುಳ, ಕ್ಷಳಗಳ ಭೇದವನ್ನು ಎಷ್ಟು ಶ್ರಮದಿಂದ ನಿರೂಪಿಸಿರುವನೆಂಬುದು ವಿದ್ವಾಂಸರಿಗೆ ವಿದಿತವಾದುದೇ. ಯೂನಿಕೋಡಿನಲ್ಲಿ ತಮಿಳಿಗೂ ಮಲಯಾಳಕ್ಕೂ ಈ ವರ್ಣವು ಳಕಾರದ ಮುಂದಿನ ಸ್ಥಾನದಲ್ಲಿದೆ. ಕನ್ನಡದ ಹಂತದಲ್ಲಿ ಅದೇ ಸ್ಥಾನ ಖಾಲಿಯಾಗಿದೆ! ನಮ್ಮ ೞಕಾರವಾದರೋ, ನಾಗರಿಯ ಹಂತದಲ್ಲಿ ಪಾರಸೀ ಮುಂತಾದ ಭಾಷೆಗಳ ಶಬ್ದಗಳಿಗಾಗಿ ಚುಕ್ಕೆಯಿಟ್ಟು ಬರೆಯುವ ಫಕಾರಕ್ಕೆ ಎದುರಾದ ಸ್ಥಾನದಲ್ಲಿ ಕುಳಿತಿದೆ. ಅದರ ಅಧಿಕೃತ ನಾಮವೂ ‘ಕನ್ನಡ ಅಕ್ಷರ ಫ’ ಎಂಬರ್ಥದ್ದೇ ಆಗಿದೆ. ಒಮ್ಮೆ ಕೊಟ್ಟ ನಾಮವನ್ನು ಬದಲಿಸಬಾರದೆಂಬುದು ಆ ಪಟ್ಟಿಯ ನಿಯಮ. ಆದುದರಿಂದ ಹೆಸರು ತಪ್ಪೆಂದು ಪಟ್ಟಿಯೇ ಟಿಪ್ಪಣಿ ಕೊಟ್ಟು, ಸರಿಯಾದ ಹೆಸರನ್ನು ಪಕ್ಕದಲ್ಲಿ ಸೂಚಿಸಿದೆಯಲ್ಲದೆ ಮೂಲವನ್ನು ತಿದ್ದಿಲ್ಲ. ಸಂಖ್ಯೆಗಳ ಕ್ರಮದಿಂದಲೇ ಅಕಾರಾದಿಯನ್ನು ಜೋಡಿಸುವ ಸರಳ ಕ್ರಮಾದೇಶವು ೞಕಾರದ ಶಬ್ದಗಳನ್ನು ಳಕಾರದ ಬಳಿ ಇಡದೆ, ಹಕಾರವನ್ನೂ ದಾಟಿ ಕಟ್ಟಕಡೆಗೆ ತಳ್ಳುವುದು. ನಿಘಂಟನ್ನೋ ಪದಸೂಚಿಯನ್ನೋ ಸಿದ್ಧಪಡಿಸುವವರು ಇದನ್ನು ತಿಳಿದು ಪ್ರತ್ಯೇಕವಾಗಿ ಏರ್ಪಾಡು ಮಾಡಿಕೊಳ್ಳಬೇಕು.

೭

ಇಷ್ಟರಿಂದ ಫಲಿಸುವುದೇನೆಂದರೆ: ಕೊನೆಗಾಲದ ಎಂಟು ಬಿಟ್ಟಿನ ಗಣಕಗಳಲ್ಲಿ ರಾಜಿಯು ಅನಿವಾರ್ಯವಾಗಿತ್ತು, ಯಾವ ರಾಜಿಯೆಂಬುದು ಮಾತ್ರ ಅನಿವಾರ್ಯವಾಗಿರಲಿಲ್ಲ. ಮಿತವಾದ ಸ್ಮೃತಿಯಲ್ಲಿ ಒಬ್ಬರು ಬಣ್ಣವನ್ನು ಬಿಟ್ಟರು, ಒಬ್ಬರು ವೇಗವನ್ನು ಬಿಟ್ಟರು, ಒಬ್ಬರು ಹೊಸತನವನ್ನೇ ಬಿಟ್ಟು ಹಳೆಯದನ್ನು ಉಳಿಸಿಕೊಂಡರು. ಜಪಾನೀಯರು ಇನ್ನೇನನ್ನು ಬಿಟ್ಟರೂ ತಮ್ಮ ಅಕ್ಷರವನ್ನು ಬಿಡಲಿಲ್ಲ. ರಚನೆಯ ಮೇಜಿನ ಮುಂದೆ ಯಾರ ಭಾಷೆ ಕುಳಿತಿರುವುದೋ ಆ ಭಾಷೆಗೆ ವೆಚ್ಚ ಕಡಮೆ. ಯಾರದು ಕುಳಿತಿಲ್ಲವೋ ಅವರಿಗೆ ವೆಚ್ಚ ಹೆಚ್ಚು.

ಯಂತ್ರಗಳು ಹತ್ತು ವರ್ಷಕ್ಕೆ ಹಳತಾಗುವುವು. ಅವುಗಳಲ್ಲಿ ಮಾಡಿಕೊಂಡ ರಾಜಿಗಳು ಹಾಗಲ್ಲ. ಬಿ.ಬಿ.ಸಿ. ಯಂತ್ರವೂ ಕೊಮೊಡೋರ್ ಯಂತ್ರವೂ ಇಂದು ವಸ್ತುಸಂಗ್ರಹಾಲಯಗಳನ್ನು ಸೇರಿವೆ. ೞಕಾರದ ಅಡಹೆಸರು ಮಾತ್ರ ನಮ್ಮ ಪ್ರತಿಯೊಂದು ಗಣಕದಲ್ಲಿಯೂ ಇದೆ. ಆದುದರಿಂದ ಸಂಕೇತಪಟ್ಟಿ, ಅಕ್ಷರಾಕಾರ, ಕೀಲಿಮಣೆ ಮೊದಲಾದ ವಿಷಯಗಳನ್ನು ಯಂತ್ರಜ್ಞರ ಕೆಲಸವೆಂದು ಸಾಹಿತ್ಯದವರು ದೂರವಿಡುವುದು ಉಚಿತವಲ್ಲ. ಹಳಗನ್ನಡವನ್ನು ಬಲ್ಲ ಒಬ್ಬ ಅಧ್ಯಾಪಕನು ಪಟ್ಟಿಯು ಸಿದ್ಧವಾಗುವಾಗ ಒಮ್ಮೆ ಅದರ ಮೇಲೆ ಕಣ್ಣಾಡಿಸಿದ್ದರೆ ‘ಫ’ ಎಂಬ ಹೆಸರು ಅಲ್ಲಿ ಉಳಿಯುತ್ತಿರಲಿಲ್ಲ. ಮುಂದೆ ಬರುವ ಪಟ್ಟಿಗಳಿಗಾದರೂ ಆ ಕಣ್ಣು ದೊರೆಯಬೇಕು.